ಪುಟ್ಟ ಗಾಡಿಗೆ ಮಂದ್ರದ ದನಿ



ಈ ಅಂಕಣದಲ್ಲಿ ಸಾಹಿತ್ಯ, ಶಾಸ್ತ್ರ, ಮನೆವಾರ್ತೆಗಳ ವಿಚಾರವನ್ನು ಓದಿ ರೂಢಿಯಾದವರಿಗೆ ಈ ಸಲದ ವಿಷಯ ತುಸು ವಿಚಿತ್ರವೆನಿಸೀತು. ಸಣ್ಣ ಸರಕು ಗಾಡಿಯೊಳಗಿನ ಹಾಡಿನ ಪೆಟ್ಟಿಗೆಗೆ ಕೈಗೆಟಕುವ ಹಣದಲ್ಲಿ ಒಂದಿಷ್ಟು 'ಬೇಸ್' ಕೂಡಿಸುವುದು ಹೇಗೆ ಎಂಬುದೇ ಆ ವಿಷಯ. ಮಠದಲ್ಲಿ ವ್ಯಾಕರಣ, ತರ್ಕಗಳನ್ನು ಓದಿದವರಿಗೆ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ನಮ್ಮ ಪರಿಚಯದ ಒಂದು ಮನೆಯಲ್ಲಿ ಇದೇ ಕಾರಣಕ್ಕೆ ತಂದೆಮಗನ ನಡುವೆ ಎಂಟು ದಿನ ಮಾತು ನಿಂತಿತ್ತು. ಆ ಮಾತನ್ನು ಮತ್ತೆ ಕೂಡಿಸುವ ಹೊಣೆ ನಮ್ಮ ಪಾಲಿಗೆ ಬಂದುದರಿಂದ, ನಾವೂ ಈ ವಿದ್ಯೆಯ ನಾಲ್ಕಕ್ಷರವನ್ನು ಕಲಿಯಬೇಕಾಯಿತು. ಕಲಿತುದನ್ನು ಹಂಚಿಕೊಳ್ಳುವುದು ಕಲಿತವನ ಧರ್ಮವಷ್ಟೆ.

ತಂದೆ ಇಳಕಲ್ಲಿನ ಕೈಮಗ್ಗದ ನೇಕಾರರು. ಮಗ ಮಗ್ಗದ ಕುಣಿಗೆ ಇಳಿಯದೆ, ಹಳೆಯದೊಂದು ಟಾಟಾ ಏಸ್ ಗಾಡಿಯನ್ನು ಕಂತಿನ ಮೇಲೆ ಕೊಂಡು, ಸೀರೆಯ ಗಂಟು, ನೂಲಿನ ಮೂಟೆ, ಸುಗ್ಗಿಯಲ್ಲಿ ಉಳ್ಳಾಗಡ್ಡಿ ಚೀಲ ಹೀಗೆ ಸಿಕ್ಕ ಸರಕನ್ನು ಹುನಗುಂದ, ಬಾಗಲಕೋಟೆ, ಕುಷ್ಟಗಿಗಳಿಗೆ ಸಾಗಿಸಿ ಜೀವನ ಮಾಡುತ್ತಾನೆ. ಕಾಯಕದಲ್ಲಿ ಕುಂದಿಲ್ಲದ ಹುಡುಗ. ಕಳೆದ ಸಂಕ್ರಾಂತಿಯ ಮುಂಚೆ ನಮಗೆ ಕೂಡಲಸಂಗಮದಲ್ಲಿ ಒಂದು ಸಭೆಯಿತ್ತು. ಬಸ್ಸು ತಪ್ಪಿದ ನಮ್ಮನ್ನು ಅವನೇ ಪಕ್ಕದ ಆಸನದಲ್ಲಿ ಕೂಡಿಸಿಕೊಂಡು ಹೊರಟ. ಹುನಗುಂದ ದಾಟಿದ ಮೇಲೆ, ನಮ್ಮ ಮನಸ್ಸನ್ನು ಅರಿತವನಂತೆ, ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಹಚ್ಚಿದ.

ದನಿ ಬಂತು, ಆದರೆ ಅರ್ಧ ಬಂತು. ಮನಸೂರರ ಕಂಠ ತಗಡಿನ ಡಬ್ಬಿಯೊಳಗಿನಿಂದ ಬಂದಂತಿತ್ತು. ತಬಲಾ ಕೇಳಿಸುತ್ತಿತ್ತು, ಡಗ್ಗಾ ಕೇಳಿಸುತ್ತಿರಲಿಲ್ಲ. ತಂಬೂರಿಯ ಮೇಲಿನ ತಂತಿಗಳ ಝೇಂಕಾರವಿತ್ತು, ಅದಕ್ಕೆ ನೆಲವಾಗಬೇಕಾದ ಖರ್ಜವಿರಲಿಲ್ಲ. ಹುಡುಗ ಗುಂಡಿಯನ್ನು ತಿರುಗಿಸುತ್ತ ತಿರುಗಿಸುತ್ತ ದನಿಯನ್ನು ಇಪ್ಪತ್ತೆಂಟರ ಅಂಕಿಗೆ ಏರಿಸಿದ. ಕಿವಿ ಕೊರೆಯತೊಡಗಿತೇ ಹೊರತು ಡಗ್ಗಾ ಬರಲಿಲ್ಲ.

"ಗುರುಗಳ, ದನಿ ಜೋರ್ ಐತ್ರಿ, ಖರೇ ಎದಿಗೆ ತಾಗಂಗಿಲ್ರಿ," ಎಂದ. ಪೇಟೆಯ ಅಂಗಡಿಯೊಂದರಲ್ಲಿ ದೊಡ್ಡ ವೂಫರು, ದೊಡ್ಡ ಆಂಪ್ಲಿಫೈಯರು, ಬಣ್ಣದ ದೀಪಗಳನ್ನೆಲ್ಲ ಸೇರಿಸಿ ಮೂವತ್ತೆರಡು ಸಾವಿರ ರೂಪಾಯಿ ಕೇಳಿದ್ದರಂತೆ. ಅದನ್ನೂ ಕಂತಿನ ಮೇಲೆ ಕೊಡಲು ಅವರು ಸಿದ್ಧ. ಗಾಡಿಯ ಕಂತೇ ಇನ್ನೂ ತೀರದಿರುವಾಗ ಹಾಡಿನ ಕಂತು ಬೇರೆಯೇ ಎಂದು ತಂದೆಯವರು ಸಿಡಿದುದರಲ್ಲಿ ಆಶ್ಚರ್ಯವಿಲ್ಲ. ಮಗನ ಉತ್ತರವೂ ಸುಳ್ಳಾಗಿರಲಿಲ್ಲ: "ದಿನಾ ಹತ್ತು ತಾಸು ಈ ತಗಡಿನ್ಯಾಗ ಕುಂದರಾಂವ ನಾನs ಅಲ್ರೀ?"

ನಮಗೆ ಇಬ್ಬರೂ ಸರಿಯೆನಿಸಿದರು. ಇಂತಹ ಸಂದರ್ಭದಲ್ಲಿ ನ್ಯಾಯ ಹೇಳುವುದಕ್ಕಿಂತ ವಿಷಯವನ್ನು ಅರಿಯುವುದೇ ಮೇಲು. ಇಳಕಲ್ಲಿನಲ್ಲಿ ಬಹುಕಾಲದಿಂದ ರೇಡಿಯೊ ರಿಪೇರಿ ಮಾಡಿಕೊಂಡಿರುವ ಹಿರಿಯರೊಬ್ಬರಿದ್ದಾರೆ. ಅವರ ಬಳಿ ಎರಡು ಸಂಜೆ ಕುಳಿತು ಕೇಳಿದೆವು. ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅವರಿಂದ ಕಲಿತವು.

ಮೊದಲು 'ಬೇಸ್' ಎಂದರೇನೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಇದು ಹೊಸ ಪದವಾದರೂ ಹೊಸ ಪದಾರ್ಥವಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತ ರತ್ನಾಕರ'ದಲ್ಲಿ ನಾದದ ಮೂರು ನೆಲೆಗಳನ್ನು ಹೇಳುತ್ತಾನೆ: ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು, ಒಂದಕ್ಕಿಂತ ಮುಂದಿನದು ಇಮ್ಮಡಿ. ಎದೆಗೆ ತಾಗುವುದಿಲ್ಲವೆಂದು ನಮ್ಮ ಹುಡುಗ ಹೇಳಿದಾಗ, ಓದದೆಯೇ ಶಾರ್ಙ್ಗದೇವನ ಮಾತನ್ನು ಆಡಿದ್ದ! ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಸೆಕೆಂಡಿಗೆ 20ರಿಂದ ಸುಮಾರು 200 ಕಂಪನಗಳವರೆಗಿನ ನಾದವೇ ಬೇಸ್. ಗಂಡಸರ ಹಾಡಿಕೆಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ ಸುಮಾರು 70 ಕಂಪನಗಳಲ್ಲಿ ಮಿಡಿಯುತ್ತದೆ. ಡಗ್ಗಾದ ಗುಂಭನಾದ ನೂರರ ಕೆಳಮೇಲೆ ಇರುತ್ತದೆ. ನಮ್ಮ ಸೀಮೆಯ ಕರಡಿ ಮಜಲು, ಡೊಳ್ಳುಗಳ ತೂಕವೆಲ್ಲ ಇರುವುದು ಈ ವಲಯದಲ್ಲಿಯೇ. ಇದು ಹಾಡಿನ ಅಡಿಪಾಯ. ಅಡಿಪಾಯವಿಲ್ಲದ ಹಾಡನ್ನು ಕೇಳುತ್ತ ಹತ್ತು ತಾಸು ಕಳೆಯುವುದು ದಣಿವೇ ಸರಿ.

ಇನ್ನು ಸಣ್ಣ ಗಾಡಿಯಲ್ಲಿ ಈ ಮಂದ್ರ ಏಕೆ ಕಾಣೆಯಾಗುತ್ತದೆ? ಕಾರಣಗಳು ಮೂರು.

ಒಂದನೆಯದು, ಸ್ಪೀಕರಿನ ಗಾತ್ರ. ನಾದವೆಂದರೆ ಗಾಳಿಯನ್ನು ನೂಕುವ ಕೆಲಸ. 100 ಕಂಪನಗಳ ನಾದವನ್ನು ಹೊರಡಿಸುವ ಸ್ಪೀಕರು ಅಷ್ಟೇ ಬಲದ 50 ಕಂಪನಗಳ ನಾದವನ್ನು ಹೊರಡಿಸಬೇಕಾದರೆ ಅದರ ಕಾಗದದ ಹಾಳೆ ನಾಲ್ಕು ಪಟ್ಟು ಹೆಚ್ಚು ಹಿಂದುಮುಂದಾಗಬೇಕು. ನಾಲ್ಕಂಗುಲದ ಸ್ಪೀಕರಿಗೆ ಅಷ್ಟು ಓಡಾಡುವ ಶಕ್ತಿಯಿಲ್ಲ. ಎಂಟಂಗುಲದ ಸ್ಪೀಕರಾದರೋ, ವ್ಯಾಸ ಇಮ್ಮಡಿಯಾದುದರಿಂದ ವಿಸ್ತೀರ್ಣ ಹೆಚ್ಚುಕಡಿಮೆ ನಾಲ್ಕು ಪಟ್ಟಾಗಿ, ಅಷ್ಟೇ ಗಾಳಿಯನ್ನು ಸ್ವಲ್ಪ ಚಲನೆಯಿಂದಲೇ ನೂಕಬಲ್ಲದು.

ಎರಡನೆಯದು, ತೂತು. ಸ್ಪೀಕರು ಮುಂದಕ್ಕೆ ಗಾಳಿ ನೂಕುವಾಗ ಅದರ ಬೆನ್ನಿನ ಗಾಳಿ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಈ ಎರಡು ಅಲೆಗಳ ನಡುವೆ ಅಡ್ಡಗೋಡೆ ಇಲ್ಲದಿದ್ದರೆ ಮಂದ್ರದಲ್ಲಿ ಒಂದನ್ನೊಂದು ನುಂಗಿಬಿಡುತ್ತವೆ. ಗಾಡಿಯ ಬಾಗಿಲಿನ ತಗಡಿನಲ್ಲಿಯೂ ಡ್ಯಾಶ್‌ಬೋರ್ಡಿನಲ್ಲಿಯೂ ಕೈ ತೂರುವಷ್ಟು ತೆರಪುಗಳಿರುತ್ತವೆ. ಅಲ್ಲಿಯೇ ನಮ್ಮ ಡಗ್ಗಾ ಕಾಣೆಯಾಗುವುದು.

ಮೂರನೆಯದು ಎಂಜಿನ್ನು. 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್ ಗಾಡಿಗೆ ಎರಡು ಸಿಲಿಂಡರಿನ, 702 ಸಿ.ಸಿ.ಯ ಡೀಸೆಲ್ ಎಂಜಿನ್ನಿತ್ತು. ಅದು ಇರುವುದೂ ಆಸನದ ಕೆಳಗೆ. ಇಂತಹ ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಸೆಕೆಂಡಿಗೆ 40 ಸಲ ಸಿಡಿಯುತ್ತದೆ. ಅಂದರೆ ಮಂದ್ರದ ಮನೆಯಲ್ಲಿಯೇ ಅದೂ ಬಂದು ಕುಳಿತಿದೆ. ಅದರ ಗುಡುಗು ಹಾಡಿನ ಕೆಳದನಿಯನ್ನು ಮುಚ್ಚಿ, ಮೇಲುದನಿಯನ್ನು ಮಾತ್ರ ಉಳಿಸುತ್ತದೆ.

ಇಲ್ಲಿಯೇ ಮುಖ್ಯವಾದ ಮಾತೊಂದಿದೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟಂತೆ, ಮನುಷ್ಯನ ಕಿವಿ ಮೆಲುದನಿಯಲ್ಲಿ ಮಂದ್ರವನ್ನು ಬಹಳ ಕಡಿಮೆ ಗ್ರಹಿಸುತ್ತದೆ. ದನಿ ಏರಿದಂತೆ ಮಂದ್ರವೂ ತುಂಬಿಕೊಂಡಂತೆ ಕೇಳುತ್ತದೆ. ಆದ್ದರಿಂದಲೇ ಮಂದ್ರ ಸಾಲದವರು ತಮಗರಿವಿಲ್ಲದೆ ದನಿಯ ಗುಂಡಿಯನ್ನು ಏರಿಸುತ್ತಾರೆ. ಬೇಕಾದ ಮಂದ್ರ ಬರುವುದಿಲ್ಲ, ಬೇಡದ ತಾರ ಮಾತ್ರ ಕಿವಿಯನ್ನು ಇರಿಯುತ್ತದೆ. 85 ಡೆಸಿಬೆಲ್ ದನಿಯಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧಕ್ಕಿಳಿಸಬೇಕು. ಕಿವಿಯ ಆರೋಗ್ಯವನ್ನು ಬಲ್ಲವರು ಹೇಳುವ ಲೆಕ್ಕವಿದು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಎಂಜಿನ್ನಿನ ಮೇಲೆ ಕುಳಿತು ಹತ್ತು ತಾಸು ದುಡಿಯುವ ಹುಡುಗನಿಗೆ ಇದು ಆಟದ ಮಾತಲ್ಲ. ಒಮ್ಮೆ ಹೋದ ಕಿವಿ ಕಂತಿನ ಮೇಲೂ ಸಿಗದು. ಆದಕಾರಣ, ಹಿತಮಿತವಾದ ಬೇಸನ್ನು ಕೂಡಿಸುವುದು ದನಿಯನ್ನು ಏರಿಸುವುದಕ್ಕಲ್ಲ, ಇಳಿಸುವುದಕ್ಕೆ. ಈ ತತ್ತ್ವವನ್ನು ತಂದೆಯವರ ಮುಂದಿಟ್ಟಾಗ ಅವರ ಮುಖ ಅರ್ಧ ಸಡಿಲಿತು.

ಇನ್ನು ಕೆಲಸದ ಕ್ರಮ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಆಮೇಲೆ ಎಂಬುದೇ ರಿಪೇರಿಯ ಹಿರಿಯರ ಪಾಠ.

ಮೊದಲನೆಯದಾಗಿ ವೈರುಗಳನ್ನು ನೋಡಬೇಕು. ಪ್ರತಿ ಸ್ಪೀಕರಿಗೂ ಧನ, ಋಣವೆಂದು ಎರಡು ತುದಿಗಳುಂಟು. ಎರಡು ಬಾಗಿಲುಗಳ ಪೈಕಿ ಒಂದರಲ್ಲಿ ಅವು ಅದಲುಬದಲಾಗಿದ್ದರೆ ಒಂದು ಸ್ಪೀಕರು ನೂಕುವಾಗ ಇನ್ನೊಂದು ಸೆಳೆಯುತ್ತದೆ, ಮಂದ್ರ ಹೇಳಹೆಸರಿಲ್ಲದಂತಾಗುತ್ತದೆ. ನಮ್ಮ ಹುಡುಗನ ಗಾಡಿಯಲ್ಲಿ ನಡೆದಿದ್ದುದು ಇದೇ! ಹಿಂದಿನ ಮಾಲೀಕನ ಕಾಲದಿಂದಲೂ ಎಡಬಾಗಿಲಿನ ವೈರು ತಿರುಗುಮುರುಗಾಗಿತ್ತು. ಎರಡು ತುದಿಗಳನ್ನು ಬದಲಿಸಿದ ಕೂಡಲೆ ಡಗ್ಗಾ ಅಷ್ಟಿಷ್ಟು ಮೈದೋರಿತು. ಖರ್ಚು ಸೊನ್ನೆ.

ಎರಡನೆಯದಾಗಿ ತೂತುಗಳನ್ನು ಮುಚ್ಚಬೇಕು. ಬಾಗಿಲಿನ ಒಳಹಲಗೆಯನ್ನು ಬಿಚ್ಚಿ, ತಗಡಿನ ತೆರಪುಗಳಿಗೆ ಅಂಟುವ ಡಾಂಬರು ಹಾಳೆಯನ್ನು ಹಚ್ಚಿ, ಸ್ಪೀಕರಿನ ಅಂಚಿಗೂ ತಗಡಿಗೂ ನಡುವೆ ಫೋಮಿನ ಪಟ್ಟಿಯನ್ನು ಸುತ್ತಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಬಿಟ್ಟಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಕಿಟಕಿಯ ಗಾಜು ಸರಾಗವಾಗಿ ಏರಿಳಿಯುವುದೋ ಎಂದೂ ನೋಡಿಕೊಳ್ಳಬೇಕು.

ಮೂರನೆಯದಾಗಿ ಡೆಕ್ಕಿನ ಹೊಂದಾಣಿಕೆ. ಸಣ್ಣ ಸ್ಪೀಕರಿಗೆ ಬೇಸಿನ ಗುಂಡಿಯನ್ನು ತುತ್ತತುದಿಗೆ ತಿರುಗಿಸಿದರೆ ಬರುವುದು ಮಂದ್ರವಲ್ಲ, ಹರಕು ದನಿ. ನಡುಮಟ್ಟದಿಂದ ಎರಡು ಮೆಟ್ಟಿಲು ಸಾಕು. ಹಾಡಿನಲ್ಲಿಯೇ ಇಲ್ಲದ್ದನ್ನು ಯಾವ ಪೆಟ್ಟಿಗೆಯೂ ತರಲಾರದೆಂಬುದನ್ನೂ ನೆನಪಿಡಬೇಕು. ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗಳ ಮುದ್ರಣದಲ್ಲಿ ಕೆಳದನಿ ಬಹಳ ಕಡಿಮೆ. 1925ರ ಸುಮಾರಿಗೆ ವಿದ್ಯುತ್ತಿನ ಮುದ್ರಣ ಬರುವ ಮುಂಚಿನವುಗಳಲ್ಲಂತೂ ಇಲ್ಲವೆಂದೇ ಹೇಳಬೇಕು. ಅಂತಹ ಹಾಡಿಗೆ ಬೇಸ್ ಏರಿಸಿದರೆ ತಟ್ಟೆಯ ಗರಗರವೇ ದೊಡ್ಡದಾಗುತ್ತದೆ.

ಇಷ್ಟು ಮಾಡಿ ಒಂದು ತಿಂಗಳು ಹಾಗೆಯೇ ಕೇಳು ಎಂದು ನಾವು ಹುಡುಗನಿಗೆ ಹೇಳಿದೆವು. ಎಷ್ಟೋ ಜನರಿಗೆ ಇಲ್ಲಿಯೇ ತೃಪ್ತಿಯಾದೀತು. ಅವನಿಗೆ ಅರ್ಧ ತೃಪ್ತಿಯಾಯಿತು. ಉಳಿದರ್ಧಕ್ಕಾಗಿ ಅವನು ಸಾಲ ಮಾಡದೆ, ಆ ತಿಂಗಳ ಬಾಡಿಗೆಯಲ್ಲಿ ಉಳಿಸಿದ ಹಣವನ್ನು ತಂದ.

ಹಣ ಹಾಕುವುದಾದರೆ ಎಂಟಂಗುಲದ ಒಂದೇ ಒಂದು ವೂಫರು ಸಾಕು. ಸುಮಾರು 80 ಕಂಪನಗಳ ಕೆಳಗಿನ ನಾದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲವಾದ್ದರಿಂದ ಎಡಬಲಕ್ಕೆ ಎರಡು ಬೇಕಿಲ್ಲ. ಅದು ಕಿವಿಯತ್ತ ಮುಖ ಮಾಡಿರಬೇಕೆಂದೂ ಇಲ್ಲ. ಪುಟ್ಟ ಕ್ಯಾಬಿನ್ನಿನಲ್ಲಿ ಬೇಸ್ ಹುಟ್ಟದೆಂದು ಕೆಲವರು ಹೇಳುವುದುಂಟು. 50 ಕಂಪನಗಳ ಒಂದು ಅಲೆ ಸುಮಾರು 7 ಮೀಟರ್ ಉದ್ದ, ಅಂದರೆ ಗಾಡಿಗಿಂತಲೂ ಉದ್ದ ಎಂಬುದು ನಿಜ. ಆದರೆ ಮುಚ್ಚಿದ ಸಣ್ಣ ಜಾಗದಲ್ಲಿ ಗಾಳಿಯ ಒತ್ತಡವೇ ಏರಿಳಿಯುವುದರಿಂದ ಮಂದ್ರ ಅಲ್ಲಿ ಇನ್ನಷ್ಟು ಬಲಗೊಳ್ಳುತ್ತದೆ. ಕಿಟಕಿ ಪೂರ್ತಿ ತೆರೆದರೆ ಆ ಬಲ ಹೊರಟುಹೋಗುತ್ತದೆ. ನಮ್ಮ ಬಿಸಿಲುಸೀಮೆಯಲ್ಲಿ ಕಿಟಕಿ ಮುಚ್ಚಿ ಓಡಿಸುವವರು ವಿರಳ. ಅದರ ಮೇಲೆ ಎಂಜಿನ್ನಿನ ಗುಡುಗು ಬೇರೆ. ಆದ್ದರಿಂದ ಇಂತಹ ಗಾಡಿಯಲ್ಲಿ 50ಕ್ಕಿಂತ ಕೆಳಗಿನ ನಾದಕ್ಕಾಗಿ ಹಣ ಚೆಲ್ಲುವುದು ವ್ಯರ್ಥ. 60ರಿಂದ 100ರವರೆಗಿನದು ಚೊಕ್ಕಟವಾಗಿ ಬಂದರೆ ತಂಬೂರಿಯೂ ಬಂತು, ಡಗ್ಗಾವೂ ಬಂತು.

ವೂಫರಿಗೆ ಬಿಗಿಯಾದ ಪೆಟ್ಟಿಗೆ ಬೇಕು. ಒಳ ಅಳತೆ 40 ಸೆಂ.ಮೀ. ಉದ್ದ, 25 ಸೆಂ.ಮೀ. ಎತ್ತರ, 14 ಸೆಂ.ಮೀ. ಆಳವಿದ್ದರೆ 14 ಲೀಟರಿನಷ್ಟು ಗಾಳಿ ಹಿಡಿಯುತ್ತದೆ. ಎಂಟಂಗುಲದ ಸಾಧಾರಣ ವೂಫರಿಗೆ ಇದು ಸರಿಹೋಗುತ್ತದೆ. 18 ಮಿ.ಮೀ. ದಪ್ಪದ ಪ್ಲೈವುಡ್ಡಿನಲ್ಲಿ ಬಡಗಿಯಿಂದ ಮಾಡಿಸಿ, ಒಳಗಿನ ಸಂದುಗಳಿಗೆಲ್ಲ ಅಂಟು ತುಂಬಿಸಬೇಕು. ತೂತು ಕೊಳವೆಯಿರುವ ಪೆಟ್ಟಿಗೆ ಹೆಚ್ಚು ಗುಡುಗುತ್ತದೆ, ಆದರೆ ಲೆಕ್ಕ ತಪ್ಪಿದರೆ ಒಂದೇ ಸ್ವರವನ್ನು ಗುಮ್ಮೆನ್ನಿಸುತ್ತದೆ. ಮುಚ್ಚಿದ ಪೆಟ್ಟಿಗೆ ಸಣ್ಣ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಪೆಟ್ಟಿಗೆ ಮಾಡಿಸುವ ಮುಂಚೆ ಆಸನದ ಬೆನ್ನಿನ ಹಿಂದೆ, ಪಕ್ಕದವರ ಕಾಲ ಬಳಿ ಎಷ್ಟು ತೆರಪಿದೆಯೆಂದು ಕೋಲಿನಿಂದ ಅಳೆದುಕೊಳ್ಳಬೇಕು. ಎಂಜಿನ್ನಿನ ಬಿಸಿ ತಾಗುವ ಜಾಗ ಕೂಡದು. ಇಟ್ಟ ಮೇಲೆ ಬೋಲ್ಟು, ಪಟ್ಟಿಗಳಿಂದ ಕಟ್ಟಬೇಕು. ಬ್ರೇಕು ಒತ್ತಿದಾಗ ಹಾರಿಬರುವ ಪೆಟ್ಟಿಗೆ ಕಲ್ಲಿಗೆ ಸಮಾನ.

ಆಂಪ್ಲಿಫೈಯರಿನ ಡಬ್ಬಿಯ ಮೇಲೆ ಸಾವಿರ ವಾಟ್ ಎಂದು ಬರೆದಿರುತ್ತದೆ. ನಂಬಬೇಡಿರಿ. ಅದರ ಫ್ಯೂಸು ಎಷ್ಟು ಆಂಪಿಯರಿನದೆಂದು ನೋಡಿರಿ. 20 ಆಂಪಿಯರಿನ ಫ್ಯೂಸಿದ್ದರೆ, ಗಾಡಿ ಓಡುವಾಗಿನ 14 ವೋಲ್ಟಿನಿಂದ ಗುಣಿಸಿದರೆ 280 ವಾಟ್ ಆಯಿತು. ಬ್ಯಾಟರಿಯಿಂದ ಅದು ನಿರಂತರವಾಗಿ ಎಳೆಯಬಲ್ಲದ್ದು ಅಷ್ಟೇ. ಸಾಧಾರಣ ಆಂಪ್ಲಿಫೈಯರಿನಲ್ಲಿ ಅದರಲ್ಲಿಯೂ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಹೀಗೆ ನೂರರಿಂದ ನೂರೈವತ್ತು ವಾಟ್ ನಿಜವಾದ ಶಕ್ತಿ ಇದ್ದರೆ ಪುಟ್ಟ ಕ್ಯಾಬಿನ್ನಿಗೆ ಬೇಕಾದುದಕ್ಕಿಂತ ಹೆಚ್ಚೇ ಆಯಿತು. ಸ್ಪೀಕರಿನ ವೈರಿನಿಂದಲೇ ಹಾಡನ್ನು ಸ್ವೀಕರಿಸುವ ಸೌಕರ್ಯವಿರುವ ಆಂಪ್ಲಿಫೈಯರನ್ನು ಕೊಂಡರೆ ಹಳೆಯ ಡೆಕ್ಕನ್ನು ಬದಲಿಸುವ ಖರ್ಚೂ ಉಳಿಯುತ್ತದೆ.

ವೈರಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಇದನ್ನು ನಾವು ಕಂಡುಂಡು ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಇಂತಹುದೇ ಬೇರೊಂದು ಗಾಡಿಯಲ್ಲಿ ನಾವು ಬರುತ್ತಿದ್ದಾಗ ಕಾಲಬುಡದಿಂದ ಸುಟ್ಟ ವಾಸನೆ ಬಂತು, ನೋಡುವಷ್ಟರಲ್ಲಿ ಹೊಗೆ. ಬ್ಯಾಟರಿಯಿಂದ ನೇರವಾಗಿ, ಫ್ಯೂಸಿಲ್ಲದೆ, ಎಳೆದುತಂದಿದ್ದ ವೈರು ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಬೆತ್ತಲಾಗಿತ್ತು. ಚಾಲಕ ಇಳಿದು, ಬ್ಯಾಟರಿಯ ತುದಿಯನ್ನು ಕಿತ್ತೆಸೆದುದರಿಂದ ಉಳಿದೆವು. ಹಿಂದೆ ಇದ್ದ ಗಂಟುಗಳಲ್ಲಿ ಮೂರು ಮನೆಗಳ ನೇಕಾರರು ತಿಂಗಳುಗಟ್ಟಲೆ ನೇಯ್ದ ಸೀರೆಗಳಿದ್ದವು. ಅಂದು ಆ ಹೊಗೆ ಹಿಂದಕ್ಕೆ ಹಬ್ಬಿದ್ದರೆ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆದ್ದರಿಂದ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. ಅದು ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ, ವೈರನ್ನು, ಗಾಡಿಯನ್ನು, ಜೀವವನ್ನು ಕಾಯುವುದಕ್ಕೆ. ವೈರು 6 ಚದರ ಮಿ.ಮೀ.ನ ಅಪ್ಪಟ ತಾಮ್ರದ್ದಾಗಿರಲಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೂಡದು. ತಗಡನ್ನು ದಾಟುವಲ್ಲೆಲ್ಲ ರಬ್ಬರಿನ ಬಳೆ ತೊಡಿಸಬೇಕು. ಅರ್ತಿನ ತುದಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿಯಬೇಕು. ಚಾವಿ ತೆಗೆದೊಡನೆ ಆಂಪ್ಲಿಫೈಯರು ತಾನಾಗಿ ನಿಲ್ಲುವಂತೆ ಜೋಡಿಸಬೇಕು. ಎಂಜಿನ್ನು ನಿಲ್ಲಿಸಿ ತಾಸುಗಟ್ಟಲೆ ಹಾಡು ಹಚ್ಚಿದರೆ ಮರುದಿನ ಬೆಳಗ್ಗೆ ಗಾಡಿಯನ್ನು ನೂಕುವ ಕಾಯಕ ತಪ್ಪದು. ಡಗ್ಗಾದ ಏಟಿಗೆ ಸರಿಯಾಗಿ ಹೆಡ್‌ಲೈಟು ಮಂಕಾಗುತ್ತಿದ್ದರೆ, ಮಿತಿ ಮೀರಿದೆಯೆಂದೇ ತಿಳಿಯಬೇಕು.

ಕೊನೆಯದು ಹೊಂದಿಕೆ. ವೂಫರಿಗೆ 80-90 ಕಂಪನಗಳ ಮೇಲಿನ ನಾದ ಹೋಗದಂತೆ ಆಂಪ್ಲಿಫೈಯರಿನಲ್ಲಿರುವ ತಡೆಯನ್ನು ಇಡಬೇಕು. 150ಕ್ಕೆ ಬಿಟ್ಟರೆ ಗಾಯಕರು ಗಡಿಗೆಯೊಳಗೆ ಕುಳಿತು ಹಾಡಿದಂತಾಗುತ್ತದೆ. ವೂಫರಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಕೇಳಿ, ಯಾವುದರಲ್ಲಿ ಡಗ್ಗಾ ತುಂಬಿ ಬರುವುದೋ ಅದನ್ನು ಉಳಿಸಿಕೊಳ್ಳಬೇಕು. ಬಲವನ್ನು ಏರಿಸುವ ತಿರುಪನ್ನು ಕೆಳಗಿನಿಂದ ಮೆಲ್ಲನೆ ಏರಿಸುತ್ತ, ವೂಫರು ಇದೆಯೆಂದು ಬೇರೆಯಾಗಿ ಗೊತ್ತಾದ ಕೂಡಲೆ ಒಂದು ಕೂದಲೆಳೆ ಹಿಂದಕ್ಕೆ ತರಬೇಕು.

ಈ ಹೊಂದಿಕೆಯ ಹೊತ್ತಿಗೆ ತಂದೆಯವರೂ ಬಂದು ಗಾಡಿಯ ಬಳಿ ನಿಂತಿದ್ದರು. ನಾವು ವಿವರಿಸಿದುದನ್ನು ಕೇಳಿ, "ಅಂದ್ರ ಸೆರಗು ಕೂಡಿಸಿದ್ಹಂಗ ಅನ್ರಿ," ಎಂದರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಆ ಕೂಡಿಕೆ ಗಟ್ಟಿಯಾಗಿಯೂ ಇರಬೇಕು, ಕಣ್ಣಿಗೆ ಗಂಟಾಗಿಯೂ ಕಾಣಬಾರದು. ನಾವು ಒಂದು ಪುಟದಲ್ಲಿ ಹೇಳಬೇಕಾದುದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ತಿರುಪು ತಿರುಗಿಸುವ ಕೆಲಸವನ್ನು ಮಗ ತಂದೆಯ ಕೈಗೇ ಒಪ್ಪಿಸಿದ.

ಮನೆಯ ಲೆಕ್ಕ ಕೇಳುವ ಓದುಗರಿಗಾಗಿ ಖರ್ಚನ್ನೂ ಬರೆಯುತ್ತೇವೆ. ವೂಫರು 1,800, ಆಂಪ್ಲಿಫೈಯರು 3,200, ಪ್ಲೈವುಡ್ಡು ಮತ್ತು ಬಡಗಿಯ ಕೂಲಿ 900, ವೈರು ಮತ್ತು ಫ್ಯೂಸು 750, ಬಾಗಿಲಿನ ಹಾಳೆ ಮತ್ತು ಫೋಮು 450. ಒಟ್ಟು 7,100 ರೂಪಾಯಿ. ಊರಿನಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಇದು ಹೆಚ್ಚುಕಡಿಮೆಯಾದೀತು. ಮೂವತ್ತೆರಡು ಸಾವಿರಕ್ಕೂ ಇದಕ್ಕೂ ನಡುವಿನ ಅಂತರದಲ್ಲಿ ಗಾಡಿಯ ಕೆಲವು ಕಂತುಗಳು ಕಟ್ಟಿಹೋದವು.

ಮಂದ್ರದ ಇನ್ನೊಂದು ಗುಣವನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಮೇಲುದನಿಯನ್ನು ಗೋಡೆ ತಡೆಯುತ್ತದೆ, ಕೆಳದನಿ ಗೋಡೆಯನ್ನು ತೂರುತ್ತದೆ. ಮೆರವಣಿಗೆಗಳಲ್ಲಿ ಡಿ.ಜೆ. ಗಾಡಿ ಹಾದುಹೋಗುವಾಗ ಹಾಡು ಯಾವುದೆಂದು ಒಳಗಿನವರಿಗೆ ತಿಳಿಯುವುದಿಲ್ಲ; ಪಾತ್ರೆ ನಡುಗುವುದು, ಹಾಸಿಗೆ ಹಿಡಿದವರ ಎದೆ ನಡುಗುವುದು ಮಾತ್ರ ತಿಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ ಎಂದರೆ 10ರಿಂದ ಬೆಳಗಿನ 6ರವರೆಗೆ. ಆದರೆ ಚಾಲಕನಿಗೆ ಅಳತೆಯ ಯಂತ್ರ ಬೇಕಿಲ್ಲ. ಗಾಡಿ ನಿಲ್ಲಿಸಿ, ಹಾಡು ಹಚ್ಚಿ, ಬಾಗಿಲು ಮುಚ್ಚಿ ಹತ್ತು ಹೆಜ್ಜೆ ದೂರ ನಿಂತು ಕೇಳಲಿ. ಕೇಳಿಸಿದರೆ ಅದು ಹಾಡಲ್ಲ, ಹಾವಳಿ. ಹಿಂದಿನ ಲಾರಿಯ ಹಾರ್ನು, ಸಂದಿಯಿಂದ ಓಡಿಬರುವ ಮಗುವಿನ ಕೂಗು, ಎತ್ತಿನ ಕೊರಳ ಗಂಟೆ ಇವು ಒಳಗೆ ಕುಳಿತವನಿಗೆ ಕೇಳಿಸುತ್ತಿರಬೇಕು. ಅವು ಕೇಳದಷ್ಟು ಹಾಡಿನಲ್ಲಿ ಮುಳುಗಿದವನು ಚಕ್ರ ಹಿಡಿಯಲು ಯೋಗ್ಯನಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಮತ್ತೊಮ್ಮೆ ಅದೇ ಗಾಡಿಯಲ್ಲಿ ನಮಗೆ ಸಂಗಮಕ್ಕೆ ಹೋಗುವ ಸಂದರ್ಭ ಬಂತು. ಹೆದ್ದಾರಿಯ ಎರಡೂ ಬದಿ ಎರೆಹೊಲಗಳು ಹಿಂದೆ ಸರಿಯುತ್ತಿದ್ದವು. ಅದೇ ಮನಸೂರರ ಗಾಯನ. ತಂಬೂರಿ ನೆಲ ಹಾಸಿತ್ತು, ಡಗ್ಗಾ ಆ ನೆಲದ ಮೇಲೆ ಹೆಜ್ಜೆಯಿಡುತ್ತಿತ್ತು, ದನಿ ಅವೆರಡರ ಮೇಲೆ ನಿರಾಳವಾಗಿ ನಡೆಯುತ್ತಿತ್ತು. ನಾವು ಕುತೂಹಲದಿಂದ ಡೆಕ್ಕಿನ ಅಂಕಿಯನ್ನು ನೋಡಿದೆವು. ಹಿಂದೆ ಇಪ್ಪತ್ತೆಂಟಿದ್ದುದು ಈಗ ಹದಿನೇಳಕ್ಕೆ ಇಳಿದಿತ್ತು. ಹುಡುಗನಿಗೆ ಅದರ ಗಮನವೇ ಇರಲಿಲ್ಲ.

ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂತಹ ಗೋಡೆಯೊಳಗೆ ಐಕ್ಯಮಂಟಪವಿದೆ. ಅಲ್ಲಿ ಜನ ಬರುವುದು ಮೌನಕ್ಕಾಗಿ. ಊರಿನ ಮೊದಲ ಮನೆ ಕಾಣುವ ಮುಂಚೆಯೇ ಹುಡುಗ ಕೈ ಚಾಚಿ ಹಾಡನ್ನು ನಿಲ್ಲಿಸಿದ. ನಾವು ಹೇಳಿರಲಿಲ್ಲ.

"ಯಾಕಪ್ಪಾ, ನಿಲ್ಲಿಸಿದಿ?" ಎಂದೆವು.

"ಇಲ್ಲಿಂದ ಮುಂದ ಹೊಳಿ ಸಪ್ಪಳ ಕೇಳತೈತ್ರಿ, ಗುರುಗಳ," ಎಂದ.

ಕಿಟಕಿಯನ್ನು ಇಳಿಸಿ ನಾವೂ ಕಿವಿಗೊಟ್ಟೆವು.